ಹೂಲಿಯ ಮುಲ್ತಾನಿ

ಬೈಲಹೊಂಗಲದ ಅಂದಾನೆಪ್ಪನನ್ನು ಯಾರಾದರೂ ಹುಡುಕಿಕೊಂಡು ಬಂದರೆ ಅವನ ಹೆಂಡತಿ ತಂಗೆವ್ವ ಒಂದೇ ಮಾತು ಹೇಳುತ್ತಿದ್ದಳು: “ಸ್ಟುಡಿಯೋದಾಗ ಇರದಿದ್ರ ಎಲ್ಲೆರ ತಂಬೂರಿ ಮುಂದ ಕುಂತಿರತಾರ ನೋಡ್ರಿ.” ಬಸ್‌ಸ್ಟ್ಯಾಂಡಿನ ಹಿಂದೆ, ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಅವನ ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಸಾಲಿ ಹುಡುಗರ ಗುರುತಿನ ಚೀಟಿಯ ಫೋಟೋ, ಇವು ಹೊಟ್ಟೆಪಾಡು. ಆದರೆ ಮಠದಲ್ಲಿ ಶಿವಾನುಭವ ಇದ್ದರೆ, ಕಿತ್ತೂರಿಗೆ ಯಾರಾದರೂ ಹಾಡಲು ಬಂದರೆ, ಸವದತ್ತಿಯಲ್ಲೋ ರಾಮದುರ್ಗದ ನೇಕಾರರ ಓಣಿಯಲ್ಲೋ ಒಂದು ಸಂಗೀತ ಸಭೆ ಕೂಡಿದರೆ ಅಂದಾನೆಪ್ಪ ಬಾಗಿಲಿಗೆ ಕೀಲಿ ಹಾಕಿ ಬಸ್ಸು ಹತ್ತಿಬಿಡುತ್ತಿದ್ದ. ಗಿರಾಕಿಗಳು ಬೈದುಕೊಂಡು ಮರುದಿನ ಬರುತ್ತಿದ್ದರು.

ತೊಂಬತ್ತರ ದಶಕದಲ್ಲೆಲ್ಲ ಅವನ ಬಳಿ ಒಂದು ಟೇಪ್ ರೆಕಾರ್ಡರ್ ಇತ್ತು. ಅದನ್ನು ವೇದಿಕೆಯ ಅಂಚಿಗೆ ಇಟ್ಟು, ಕ್ಯಾಸೆಟ್ಟು ತಿರುಗುವುದನ್ನೇ ಕಾಯುತ್ತ ಕೂಡುತ್ತಿದ್ದ. ಹಾಡು ಸಿಗುತ್ತಿತ್ತು, ಆದರೆ ಹಾಡುವವರು ಸಿಗುತ್ತಿರಲಿಲ್ಲ. ಒಂದು ತಾನ ಬೀಸಿ ತಾಳದ ಸಮಕ್ಕೆ ಬಂದು ಇಳಿಯುವಾಗ ಗಾಯಕರ ಕೈ ಹೇಗೆ ಗಾಳಿಯಲ್ಲಿ ನಿಲ್ಲುತ್ತದೆ, ತಬಲಾದವನ ಹುಬ್ಬು ಹೇಗೆ ಏಳುತ್ತದೆ, ಅದನ್ನೆಲ್ಲ ಕ್ಯಾಸೆಟ್ಟು ಹಿಡಿಯಬಲ್ಲುದೇ? ಮದುವೆ ಮನೆಯ ವಿಡಿಯೋದವರು ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು, ಮುಖ ಸುಡುವಂಥ ದೀಪ ಹಚ್ಚಿಕೊಂಡು ಬರುತ್ತಿದ್ದರು. ಅಂಥದ್ದನ್ನು ಸಂಗೀತ ಸಭೆಯೊಳಗೆ ತಂದರೆ ಹಿರಿಯರು ಹೊರಗೆ ಅಟ್ಟುತ್ತಿದ್ದರು.

ಎರಡು ಸಾವಿರದ ಐದರಲ್ಲಿ ಅಂದಾನೆಪ್ಪ ಬೆಳಗಾವಿಯಿಂದ ಡಿಜಿಟಲ್ ಕ್ಯಾಮೆರಾ ತಂದ. ತಂದದ್ದು ಸ್ಟುಡಿಯೋದ ಫೋಟೋ ಕೆಲಸಕ್ಕೆ. ಮನೆಯಲ್ಲಿ ಅದರ ಮೇಲಿನ ಗಾಲಿಯನ್ನು ತಿರುಗಿಸುತ್ತ ಕುಳಿತಾಗ ಸಿನಿಮಾ ಕ್ಯಾಮೆರಾದ ಸಣ್ಣ ಚಿತ್ರವೊಂದು ಕಂಡಿತು. ಗಾಲಿಯನ್ನು ಅಲ್ಲಿಗೆ ತಂದು ಗುಂಡಿ ಒತ್ತಿದ. ಎದುರಿಗೆ ತಂಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ತಿರುಗಿ ಹಚ್ಚಿ ನೋಡಿದರೆ ಕ್ಯಾಮೆರಾದ ಬೆನ್ನ ಮೇಲಿನ ಪುಟ್ಟ ಪರದೆಯೊಳಗೆ ತಂಗೆವ್ವನ ಕೈ ಆಡುತ್ತಿತ್ತು, ರೊಟ್ಟಿ ಬಡಿಯುವ ಸಪ್ಪಳವೂ ಕೇಳುತ್ತಿತ್ತು.

“ಅಯ್ಯ, ಇದರಾಗ ನಾ ಎಷ್ಟ ದಪ್ಪ ಕಾಣತೇನಿ!” ಎಂದು ತಂಗೆವ್ವ ನಕ್ಕಳು. ಅಂದಾನೆಪ್ಪನಿಗೆ ಮಾತ್ರ ಆ ಹೊತ್ತಿಗೆ ಕಂಡದ್ದು ಮಠದ ವೇದಿಕೆ.

ಅಂದಿನಿಂದ ಅವನು ಹೋದಲ್ಲೆಲ್ಲ ಆ ಕ್ಯಾಮೆರಾ ಹೋಯಿತು. ಅದರ ಕಿವಿ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತು. ಸ್ಪೀಕರಿನ ಮುಂದೆ ಕುಳಿತರೆ ಧ್ವನಿ ಒಡೆದುಹೋಗುತ್ತದೆ, ತೀರ ಹಿಂದೆ ಕುಳಿತರೆ ಕೆಮ್ಮುವವರದೇ ಕಚೇರಿಯಾಗುತ್ತದೆ ಎಂಬುದನ್ನು ನಾಲ್ಕಾರು ಸಭೆ ಕೆಡಿಸಿಕೊಂಡೇ ಕಲಿತ. ಒಮ್ಮೆ ಶುರು ಮಾಡಿದ ಮೇಲೆ ಚಿತ್ರವನ್ನು ಹತ್ತಿರ ತರಲು, ದೂರ ಮಾಡಲು ಬರುತ್ತಿರಲಿಲ್ಲ. ಹೀಗಾಗಿ ಹಾಡು ಏಳುವ ಮೊದಲೇ ಚೌಕಟ್ಟು ಕಟ್ಟಿಕೊಳ್ಳಬೇಕು. ಪೆನ್ಸಿಲ್ ಸೆಲ್ಲುಗಳನ್ನು ಕಿಸೆ ತುಂಬ ಇಟ್ಟುಕೊಂಡಿರಬೇಕು. ಎಲ್ಲಕ್ಕಿಂತ ದೊಡ್ಡ ಚಿಂತೆ ಅಂಚೆಚೀಟಿಯಷ್ಟಿದ್ದ ಕಾರ್ಡಿನದು. ಅರ್ಧ ಸಭೆ ಮುಗಿಯುವುದರೊಳಗೆ ಅದು ತುಂಬಿಬಿಡುತ್ತಿತ್ತು. ಇನ್ನೊಂದು ಕಾರ್ಡು ತರಬೇಕೆಂದು ಬೆಳಗಾವಿಗೆ ಹೋದಾಗಲೆಲ್ಲ ಅಂದುಕೊಂಡು, ಮರೆತು ಬರುತ್ತಿದ್ದ.

ಹೀಗೆ ತೆಗೆದದ್ದನ್ನು ಕಂಪ್ಯೂಟರಿಗೆ ಹಾಕಿ, ಸಿಡಿ ಮಾಡಿ ಹಾಡಿದವರಿಗೆ ಕೊಡುತ್ತಿದ್ದ. ತಮ್ಮ ಮುಖವನ್ನು, ತಮ್ಮ ಹಾಡನ್ನು ತಾವೇ ಎದುರಿಗೆ ಕಂಡು ಎಷ್ಟೋ ಮಂದಿ ಕಣ್ಣಲ್ಲಿ ನೀರು ತಂದುಕೊಂಡರು. ಒಂದೆರಡು ವರ್ಷದಲ್ಲಿ ಸುತ್ತಿನ ನಾಲ್ಕೂ ತಾಲೂಕಿನಲ್ಲಿ, ಅಂದಾನೆಪ್ಪ ಬಂದು ಕೂಡುವವರೆಗೆ ತಂಬೂರಿ ಎತ್ತಬೇಡಿ ಎನ್ನುವ ಹಂತಕ್ಕೆ ಅವನ ಹೆಸರು ಬಂತು.

ಈ ಎಲ್ಲ ಸಭೆಗಳಲ್ಲಿ ಹಾಡುವವರು ಬದಲಾಗುತ್ತಿದ್ದರು, ಬದಲಾಗದವರು ಮಲಕಾಜಪ್ಪ ಮಾಸ್ತರರು. ಹೂಲಿಯವರು, ಪೇಟಿ ನುಡಿಸುವವರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎಂದೇ ಹೆಸರು. ಅಂದಾನೆಪ್ಪ ಹುಡುಗನಿದ್ದಾಗಿನಿಂದ ಅವರು ಯಾರ್ಯಾರಿಗೋ ಸಾಥ್ ಕೊಡುತ್ತಲೇ ಇದ್ದರು. ಗಾಯಕರ ಎಡಗಡೆ ಕುಳಿತು, ಕತ್ತು ತುಸು ವಾರೆ ಮಾಡಿ, ಹಾಡುವವರ ತುಟಿಯನ್ನೇ ನೋಡುತ್ತ, ಅವರು ಹೋದಲ್ಲಿ ಹೋಗಿ, ನಿಂತಲ್ಲಿ ನಿಂತು ಬರುವವರು. ಕಸುಬು ಬಲ್ಲ ಗಾಯಕರು ಅವರಿಲ್ಲದೆ ಕೂಡಲು ಒಪ್ಪುತ್ತಿರಲಿಲ್ಲ. ಆದರೆ ಹಾರ ಹಾಕುವಾಗ ಅವರ ಸರದಿ ಬರುವುದು ಕೊನೆಗೆ, ಹಾರ ಮುಗಿದು ಹೋಗಿದ್ದರೆ ಒಂದು ತೆಂಗಿನಕಾಯಿ.

ಅಂದಾನೆಪ್ಪನ ಚೌಕಟ್ಟಿನಲ್ಲೂ ಅವರ ಗತಿ ಅದೇ ಆಗಿತ್ತು. ಗಾಯಕರ ಮುಖ ದೊಡ್ಡದಾಗಿ ಬರಬೇಕೆಂದರೆ ಪಕ್ಕದವರನ್ನು ಬಿಡಲೇಬೇಕು. ಒಂದು ದಿನ ಮಾಸ್ತರರು ಬೈಲಹೊಂಗಲದ ಸಂತೆಗೆ ಬಂದವರು ಸ್ಟುಡಿಯೋ ಹತ್ತಿ ಬಂದರು. ಅಂದಾನೆಪ್ಪ ಚಾ ತರಿಸಿ, ರಾಮದುರ್ಗದ ಸಭೆಯ ವಿಡಿಯೋ ಹಚ್ಚಿದ. ಅವರು ಕನ್ನಡಕ ಏರಿಸಿ ಕಡೆತನಕ ನೋಡಿದರು.

“ಅಂದಾನೆಪ್ಪಾ, ಈ ಬಾಜೂಕ ಅಳ್ಳಾಡತೈತಲ್ಲ, ಏನದು?”

ಅಂದಾನೆಪ್ಪ ನೋಡಿದ. ಪರದೆಯ ಅಂಚಿನಲ್ಲಿ ಒಂದು ಮೊಣಕೈ.

“ಅದು... ನೀವ ರೀ ಮಾಸ್ತರ.”

“ಹೌದಲಾ! ಅಂಗೀ ಗುರತ ಸಿಕ್ತು ನೋಡು,” ಎಂದು ಅವರು ಮನಸಾರೆ ನಕ್ಕರು. ಅಂದಾನೆಪ್ಪನಿಗೆ ನಾಚಿಕೆಯಾಯಿತು. ಅವರು ಚಾ ಕುಡಿದು ಬಸಿ ಕೆಳಗಿಟ್ಟು, ಏಳುವ ಹೊತ್ತಿಗೆ ದನಿ ತಗ್ಗಿಸಿ, ಮಕ್ಕಳು ಮಿಠಾಯಿ ಕೇಳುವಂತೆ ಕೇಳಿದರು: “ನಂದೊಂದು ತಗೀತಿ? ದೊಡ್ಡದೇನ ಬ್ಯಾಡ. ಇಷ್ಟ ವರ್ಷ ನುಡಿಸೇನಿ, ಪೇಟಿ ಮ್ಯಾಲ ನನ್ನ ಬೆರಳ ಹೆಂಗ ಓಡತಾವು ಅನ್ನೂದನ್ನ ನಾ ಎದುರಿಂದ ಎಂದೂ ನೋಡಿಲ್ಲ. ಒಮ್ಮೆ ನೋಡಬೇಕು ಅನಸತೈತಿ.”

ಅಂದಾನೆಪ್ಪ ಮುಂದಿನ ವಾರವೇ ಹೂಲಿಗೆ ಹೋದ. ಮಧ್ಯಾಹ್ನ ಇಳಿಯುವ ಹೊತ್ತು. ಮನೆಯೊಳಗೆ ಬೆಳಕು ಸಾಲದೆಂದು ಊರ ಹಳೆಯ ಗುಡಿಯ ಕಲ್ಲಿನ ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಮಾಸ್ತರರ ಹೆಂಡತಿ ಗುರುಬಸವ್ವ ಒಂದು ತಂಬಿಗೆ ನೀರು ತಂದಿಟ್ಟು, ಕಂಬಕ್ಕೆ ಒರಗಿ ಕುಳಿತಳು. ಮಗಳು ಶೀತಲ ಸಾಲಿಯಿಂದ ಇನ್ನೂ ಬಂದಿರಲಿಲ್ಲ. ಆಕೆ ಸವದತ್ತಿಯ ಕಡೆ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಳು. ಅಂದಾನೆಪ್ಪ ಎದುರಿಗೆ ಎರಡು ಕಲ್ಲು ಪೇರಿಸಿ ಅದರ ಮೇಲೆ ಕ್ಯಾಮೆರಾ ಇಟ್ಟ. ಈ ಸಲ ಚೌಕಟ್ಟಿನ ನಡುವೆ ಮಾಸ್ತರರು, ಅವರ ಮುಂದೆ ಪೇಟಿ, ಅದರ ಮೇಲೆ ಬಲಗೈಯ ಐದೂ ಬೆರಳು ಕಾಣುವ ಹಾಗೆ.

“ಯಾರಿಗೆ ಸಾಥ್ ಕೊಡ್ಲಿ ಈಗ?” ಎಂದು ಮಾಸ್ತರರು ನಕ್ಕು, ತಿದಿ ಒತ್ತಿದರು.

ಅವರು ಮುಲ್ತಾನಿ ರಾಗ ಎತ್ತಿಕೊಂಡರು. ಅಷ್ಟು ವರ್ಷ ಅವರನ್ನು ಕೇಳಿದ್ದ ಅಂದಾನೆಪ್ಪ, ಇವರು ತಾನು ಬಲ್ಲ ಮಲಕಾಜಪ್ಪ ಮಾಸ್ತರರು ಹೌದೋ ಅಲ್ಲವೋ ಎಂದು ಬೆರಗಾದ. ಯಾರ ತುಟಿಯನ್ನೂ ಕಾಯಬೇಕಿಲ್ಲದ ಆ ಬೆರಳುಗಳು ತಮಗೆ ಬೇಕಾದಲ್ಲಿ ನಿಂತವು, ಬೇಕಾದಷ್ಟು ಹೊತ್ತು ನಿಂತವು. ಒಂದು ಸ್ವರವನ್ನು ಮುಟ್ಟಿಯೂ ಮುಟ್ಟದೆ ಬಿಟ್ಟು, ಕೇಳುವವನು ಅದಕ್ಕಾಗಿ ಹಂಬಲಿಸುವಂತೆ ಮಾಡಿ, ಎಲ್ಲೆಲ್ಲೋ ತಿರುಗಾಡಿ ಬಂದು ಅದನ್ನು ಕೊಟ್ಟವು. ಒಮ್ಮೆ ಅವರು ಕಣ್ಣು ಮುಚ್ಚಿ ತಮಗೆ ತಾವೇ ‘ಆಹಾ’ ಎಂದರು. ಅದು ಹೆಮ್ಮೆಯಲ್ಲ, ಯಾರೋ ಬೇರೆಯವರು ನುಡಿಸಿದ್ದನ್ನು ಕೇಳಿದವರ ಬೆರಗು. ಆಡು ಮೇಯಿಸುವವಳೊಬ್ಬಳು ಕಟ್ಟೆಯ ಕೆಳಗೆ ಬಂದು ನಿಂತವಳು ಕದಲಲಿಲ್ಲ. ಅಂದಾನೆಪ್ಪ ಪರದೆಯ ಮೇಲೆ ಕಣ್ಣು ನೆಟ್ಟು, ಕೆಂಪು ಚುಕ್ಕೆ ಆರದಿರಲಿ, ಸೆಲ್ಲು ಸಾಯದಿರಲಿ ಎಂದು ಉಸಿರು ಬಿಗಿಹಿಡಿದಿದ್ದ.

ಮುಗಿಯಿತು. ಗುರುಬಸವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ತೋರಸು ನೋಡೂಣು,” ಎಂದು ಮಾಸ್ತರರು ಹತ್ತಿರ ಬಂದರು. ಅಂದಾನೆಪ್ಪ ಗುಂಡಿ ಒತ್ತಿದ. ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಕಿಸೆಯಲ್ಲಿದ್ದ ಸೆಲ್ಲುಗಳೂ ತೀರಿದ್ದವು.

“ಚಿಂತಿ ಇಲ್ರಿ ಮಾಸ್ತರ, ಒಳಗ ಬರಾಬರ್ ಐತಿ. ದೊಡ್ಡ ಪರದಾದಾಗ ನೋಡೀರಂತ, ಸಿಡಿ ಮಾಡೇ ತರತೇನಿ.”

“ಆತು, ದೊಡ್ಡದರಾಗ ನೋಡೂಣು,” ಎಂದರು ಅವರು.

ಸಿಡಿ ಮಾಡುವ ಕೆಲಸ ಅರ್ಧ ತಾಸಿನದು. ಆದರೆ ಆ ವಾರ ನೇಸರಗಿಯಲ್ಲಿ ಒಂದು ನಿಶ್ಚಯ ಕಾರ್ಯ ಬಂತು, ಅದರ ಫೋಟೋಗಳೂ ಅದೇ ಕಾರ್ಡಿಗೆ ಸೇರಿದವು. ಬೆಳಿಗ್ಗೆ ಕರೆಂಟು ಇಲ್ಲ, ಸಂಜೆ ಗಿರಾಕಿ ಇದ್ದಾರೆ. ನಾಳೆ ಮಾಡಿದರಾಯಿತು ಎನ್ನುತ್ತಿರುವಾಗಲೇ ಕಿತ್ತೂರಿನ ಸಭೆ ಬಂದುಬಿಟ್ಟಿತು.

ಪುಣೆಯಿಂದ ಒಬ್ಬ ಗಾಯಕಿ ಬಂದಿದ್ದರು. ಈ ಕಡೆ ಅಂಥವರು ಬರುವುದೇ ಅಪರೂಪ. ಸಾಲಿಯ ಸಭಾಗೃಹ ತುಂಬಿ ಕಿಟಕಿಯಲ್ಲೂ ಜನ. ಪೇಟಿಗೆ ಮಲಕಾಜಪ್ಪ ಮಾಸ್ತರರು, ತಬಲಾಕ್ಕೆ ಬೈಲಹೊಂಗಲದ ಮುತ್ತಪ್ಪ. ಅಂದಾನೆಪ್ಪ ಎಂದಿನಂತೆ ಮುಂದಿನ ಸಾಲಿನಲ್ಲಿ ಕುಳಿತು ಗಾಯಕಿಯ ಮುಖಕ್ಕೆ ಚೌಕಟ್ಟು ಕಟ್ಟಿದ. ಮೊದಲ ರಾಗ ಮುಗಿಯುವುದಕ್ಕೂ ಕಾರ್ಡು ತುಂಬುವುದಕ್ಕೂ ಸರಿಹೋಯಿತು. ಹೊರಗೆ ಸೂರ್ಯ ಮುಳುಗುತ್ತಿದ್ದ. ಗಾಯಕಿ ಒಂದು ಗುಟುಕು ನೀರು ಕುಡಿದು, ಕಣ್ಣು ಮುಚ್ಚಿ, ಪೂರಿಯಾ ರಾಗದ ಮೊದಲ ಸ್ವರ ಹಚ್ಚಿದರು. ಕಿಟಕಿಯಲ್ಲಿದ್ದವರು ಕತ್ತು ಒಳಗೆ ಚಾಚಿದರು.

ಇದನ್ನು ಬಿಟ್ಟರೆ ಮತ್ತೆಲ್ಲಿ ಸಿಗುತ್ತದೆ? ಅಂದಾನೆಪ್ಪ ಕಾರ್ಡಿನಲ್ಲಿದ್ದುದನ್ನು ಒಂದೊಂದಾಗಿ ಸರಿಸಿ ನೋಡಿದ. ನೇಸರಗಿಯ ನಿಶ್ಚಯದ ಫೋಟೋಗಳು ಪರರ ಸ್ವತ್ತು, ಮುಟ್ಟುವಂತಿಲ್ಲ. ಈಗತಾನೇ ತೆಗೆದ ಮೊದಲ ರಾಗವನ್ನು ಅಳಿಸಲು ಜೀವ ಒಪ್ಪದು. ಉಳಿದದ್ದು ಒಂದೇ. ಪರದೆಯ ಮೇಲೆ ಹೂಲಿಯ ಕಲ್ಲಿನ ಕಟ್ಟೆ, ಅದರ ಮೇಲೆ ಪೇಟಿ, ತಿದಿ ಒತ್ತಲು ಸಿದ್ಧವಾದ ಕೈ.

ಹೂಲಿ ಎಲ್ಲಿಗೆ ಹೋಗುತ್ತದೆ, ಮಾಸ್ತರರು ಎಲ್ಲಿಗೆ ಹೋಗುತ್ತಾರೆ, ಬರುವ ವಾರ ಹೋಗಿ ಇನ್ನೊಮ್ಮೆ ತೆಗೆದರಾಯಿತು. ಹೀಗೆಂದು ಅವನು ತನಗೆ ತಾನೇ ಹೇಳಿಕೊಂಡ. ಅಳಿಸಬೇಕೇ ಎಂದು ಕ್ಯಾಮೆರಾ ಕೇಳಿತು. ಅಷ್ಟರಲ್ಲಿ ಅವನು ತಲೆ ಎತ್ತಿದ. ವೇದಿಕೆಯ ಮೇಲಿಂದ ಮಾಸ್ತರರು ಅವನನ್ನೇ ನೋಡುತ್ತಿದ್ದರು. ಇವನು ಇನ್ನೂ ಶುರು ಮಾಡಿಲ್ಲವೆಂದು ತಿಳಿದು, ಲಗು ಮಾಡು, ಚಲೋ ಹಾಡು ಬಂದಿದೆ ಎನ್ನುವಂತೆ ಹುಬ್ಬು ಹಾರಿಸಿ ತಲೆ ಆಡಿಸಿದರು.

ಅಂದಾನೆಪ್ಪ ಗುಂಡಿ ಒತ್ತಿದ. ಮತ್ತೆ ಗಾಯಕಿಯ ಮುಖಕ್ಕೆ ಚೌಕಟ್ಟು ಕಟ್ಟಿದ. ಮಾಸ್ತರರು ಅದರ ಹೊರಗೇ ಉಳಿದರು.

ಸಭೆ ಮುಗಿದು ಎಲ್ಲರೂ ಚುರುಮುರಿ ತಿನ್ನುತ್ತಿರುವಾಗ ಮಾಸ್ತರರು ಅವನ ಹೆಗಲ ಮೇಲೆ ಕೈ ಇಟ್ಟರು. “ಹೂಲೀದು ಸಿಡಿ ಆತೇನಪಾ?”

“ಮಾಡಾಕ ಹತ್ತೇನ್ರಿ ಮಾಸ್ತರ,” ಎಂದ ಅಂದಾನೆಪ್ಪ. ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೆದರಿಕೆಯಾಯಿತು.

ಬರುವ ವಾರ ಎಂದದ್ದು ಮುಂದಿನ ತಿಂಗಳಾಯಿತು. ಹೋಗಿ ಏನು ಹೇಳುವುದು ಎಂಬುದೇ ಅವನ ಕಾಲು ಕಟ್ಟಿ ಹಾಕಿತ್ತು. ಚಿತ್ರ ಮಸುಕಾಗಿದೆ, ಇನ್ನೊಮ್ಮೆ ನುಡಿಸಿರಿ ಎನ್ನಬಹುದು. ಆದರೆ ಅಂಥ ಮುಲ್ತಾನಿಯನ್ನು ಇನ್ನೊಮ್ಮೆ ನುಡಿಸಿರಿ ಎಂದು ಯಾವ ಬಾಯಿಯಿಂದ ಕೇಳುವುದು?

ಒಂದು ಬೆಳಿಗ್ಗೆ ತಬಲಾದ ಮುತ್ತಪ್ಪ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತ. “ಸುದ್ದಿ ತಿಳೀತೇನ? ಮಲಕಾಜಪ್ಪ ಮಾಸ್ತರಗ ಲಕ್ವಾ ಹೊಡದೈತಂತ. ಬಲಗಡೆ ಪೂರಾ ಹೋಗೇತಿ. ದವಾಖಾನಿಂದ ಮನೀಗಿ ತಂದಾರ. ಮಾತೂ ಸೈತ ತೊದಲತಾರಂತ.”

“ಬಲಗೈ?” ಎಂದ ಅಂದಾನೆಪ್ಪ.

“ಬಲಗೈನ. ಇನ್ನ ಪೇಟಿ ಮುಗೀತು ಬಿಡು.”

ಅಂದು ಅವನು ಊಟ ಮಾಡಲಿಲ್ಲ. ತಂಗೆವ್ವ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದ. ಕಾರ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಹೋದ. ಅಳಿಸಿದ್ದನ್ನು ತೆಗೆದುಕೊಡುವವರು ಅಲ್ಲಿದ್ದಾರೆಂದು ಯಾರೋ ಹೇಳಿದ್ದರು. ಕಂಪ್ಯೂಟರ್ ಅಂಗಡಿಯವನು ಬಹಳ ಹೊತ್ತು ಕೆದಕಿ ನೋಡಿ ತಲೆ ಅಲ್ಲಾಡಿಸಿದ. “ಅಳಿಸಿ ಹಂಗ ಬಿಟ್ಟಿದ್ರ ಸಿಗತಿತ್ರಿ. ಅದರ ಜಾಗಾದಾಗ ಬ್ಯಾರೇದ ತುಂಬೀರಿ. ಅದರ ಮ್ಯಾಲ ಈಗ ಇದು ಕುಂತೈತಿ.” ಹಾಗೆಂದು ಪರದೆಯನ್ನು ಇವನ ಕಡೆ ತಿರುಗಿಸಿದ. ಅಲ್ಲಿ ಪುಣೆಯ ಗಾಯಕಿ ಪೂರಿಯಾ ಹಾಡುತ್ತಿದ್ದರು. ಅಂದಾನೆಪ್ಪನಿಗೆ ಆ ಹಾಡು ಕಿವಿಗೆ ಸೇರಲಿಲ್ಲ. ಆಮೇಲೂ ಎಂದೂ ಸೇರಲಿಲ್ಲ.

ಅವನು ಹೂಲಿಗೆ ಹೋಗಲಿಲ್ಲ. ಹೂಲಿಗೆ ಹತ್ತಿರದ ಸವದತ್ತಿಗೆ ಹೋಗುವ ಕೆಲಸ ಬಂದರೂ ಬೇರೆಯವರನ್ನು ಕಳಿಸಿದ. ಸಂಗೀತ ಸಭೆಗೆ ಕರೆದರೆ ಏನಾದರೊಂದು ನೆಪ ಹೇಳಿದ. ಮುತ್ತಪ್ಪ ಮತ್ತೊಮ್ಮೆ ಬಂದು, “ಮಾರಾಯ, ಮಾಸ್ತರು ನಿನ್ನ ಕೇಳತಾರ. ಆ ಸಿಡಿ ನೋಡೂದಕ್ಕಂತ ಮಗಳ ಕಡೆ ಹೇಳಿ ಸಿಡಿ ಪ್ಲೇಯರ್ ತರಸ್ಯಾರ. ಟಿವಿ ಬಾಜೂಕ ಇಟ್ಟು, ಧೂಳ ಕೂಡಬಾರದಂತ ಮ್ಯಾಲ ವಸ್ತ್ರ ಹೊಚ್ಚ್ಯಾರ,” ಎಂದ. ಅಂದಾನೆಪ್ಪನಿಗೆ ಆ ವಸ್ತ್ರ ಕಣ್ಣಿಗೆ ಕಟ್ಟಿತು. ಅನ್ನದ ತಾಟಿನ ಮುಂದೆ ಕುಳಿತರೂ ಅದೇ, ಗಿರಾಕಿಯ ಮುಖಕ್ಕೆ ದೀಪ ಹಿಡಿದರೂ ಅದೇ.

ಕಡೆಗೆ ಅವನು ಹೇಡಿಗೆ ತಕ್ಕ ಉಪಾಯವನ್ನೇ ಹುಡುಕಿದ. ಹಳೆಯ ವಿಡಿಯೋಗಳನ್ನೆಲ್ಲ ತಿರುವಿ ಹಾಕಿ, ಮಾಸ್ತರರು ಎಲ್ಲೆಲ್ಲಿ ತುಸುವಾದರೂ ಕಾಣುತ್ತಾರೋ ಅದನ್ನೆಲ್ಲ ಆಯ್ದು ಒಂದು ಸಿಡಿ ಮಾಡಿದ. ಒಂದರಲ್ಲಿ ಮೊಣಕೈ, ಇನ್ನೊಂದರಲ್ಲಿ ಅರ್ಧ ಕೆನ್ನೆ, ಮತ್ತೊಂದರಲ್ಲಿ ಹಾರ ಹಾಕುವವನ ಬೆನ್ನ ಹಿಂದಿನಿಂದ ಇಣುಕಿದ ಟೊಪ್ಪಿಗೆ. ಇಷ್ಟು ವರ್ಷದ ಸಭೆಗಳಲ್ಲಿ ಅವರ ಪೂರಾ ಮುಖ ಒಂದೇ ಒಂದು ಕಡೆ ಇತ್ತು. ಅದೂ ಮೈಕು ಕೆಟ್ಟು ಎಲ್ಲರೂ ಸುಮ್ಮನೆ ಕುಳಿತ ಗಳಿಗೆಯಲ್ಲಿ.

ಹೂಲಿಯ ಮನೆಯಲ್ಲಿ ಮಾಸ್ತರರನ್ನು ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದರು. ಬಲಗೈ ತೊಡೆಯ ಮೇಲೆ, ಬೇರೆ ಯಾರೋ ಅಲ್ಲಿಟ್ಟು ಮರೆತು ಹೋದ ವಸ್ತುವಿನಂತೆ ಬಿದ್ದಿತ್ತು. ಅಂದಾನೆಪ್ಪನನ್ನು ಕಂಡು ಅವರ ಅರ್ಧ ಮುಖ ನಕ್ಕಿತು.

“ಬಾ... ಬಾರಪಾ,” ಎಂದರು.

ಗುರುಬಸವ್ವ ವಸ್ತ್ರ ಸರಿಸಿ ಸಿಡಿ ಹಾಕಿದಳು. ಶೀತಲ ತಂದೆಯ ಕನ್ನಡಕ ಒರೆಸಿ ಏರಿಸಿದಳು. ಒಂದು ಹಾಡು ಬಂತು, ಹೋಯಿತು. ಇನ್ನೊಂದು ಬಂತು. ಮಾಸ್ತರರು ಮುಂದಕ್ಕೆ ಬಾಗಿ, ಮುಂದಿನದಿರಬಹುದು, ಅದರ ಮುಂದಿನದಿರಬಹುದು ಎಂದು ಕಾಯುತ್ತಿದ್ದರು. ಅಂದಾನೆಪ್ಪ ಟಿವಿ ನೋಡಲಿಲ್ಲ, ಅವರನ್ನೂ ನೋಡಲಿಲ್ಲ; ನೆಲದ ಮೇಲಿನ ಫರಸಿಕಲ್ಲಿನ ಬಿರುಕು ನೋಡುತ್ತ ಕುಳಿತ. ಸಿಡಿ ಮುಗಿದು ಪರದೆ ನೀಲಿಯಾಯಿತು. ಶೀತಲ ಅವನತ್ತ ತಿರುಗಿದಳು. ಅವನು ತಟ್ಟನೆ ಎದ್ದು, “ಒಂದೀಟು ನೀರ ಕುಡದ ಬರತೇನಿ,” ಎಂದು ಒಳಗೆ ಹೋದ.

ಗುರುಬಸವ್ವ ಹಿಂದೆಯೇ ಬಂದಳು. ತಂಬಿಗೆ ಕೈಗೆ ಕೊಟ್ಟು, ಅವನು ಕುಡಿಯದೆ ಹಿಡಿದು ನಿಂತದ್ದನ್ನು ನೋಡಿದಳು.

“ಅದು ಇಲ್ಲ, ಹೌದಲ್ರಿ?”

ಅಂದಾನೆಪ್ಪ ಗೋಣು ಹಾಕಿದ.

“ಹೋತೋ, ಕಳದ್ರೋ?”

“ನಾನ ಅಳಸೇನ್ರಿ ಅಕ್ಕಾರ. ಕಿತ್ತೂರಾಗ. ಜಾಗಾ ಸಾಲಲಿಲ್ಲ. ಪುಣೇದಾಕಿ ಹಾಡಾಕ...” ತಂಬಿಗೆಯನ್ನು ಕೆಳಗಿಟ್ಟ.

ಗುರುಬಸವ್ವ ಒಲೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ಏರಿಳಿಯುವುದು ಕಾಣುತ್ತಿತ್ತು. ಬೈಯಲಿ, ಕೈಗೆ ಸಿಕ್ಕದ್ದು ಎತ್ತಿ ಹೊಡೆಯಲಿ ಎಂದು ಅವನು ಕಾದ.

“ನಾ ಹೋಗಿ ಮಾಸ್ತರರ ಕಾಲ ಹಿಡಕೊಂಡು ಎಲ್ಲಾ ಹೇಳತೇನ್ರಿ,” ಎಂದ.

ಅವಳು ಗರಕ್ಕನೆ ತಿರುಗಿದಳು. “ಏನಂತ ಹೇಳತೀರಿ? ‘ಮಾಸ್ತರ, ನೀವು ಬಾಜೂಕ ಕುಂತು ನುಡಿಸಾಕ ಹತ್ತಿದಾಗನ ನಿಮ್ಮದನ್ನ ಅಳಿಸಿ ಆಕೀದು ತಗೊಂಡೆ’ ಅಂತೇನು? ಕೇಳಿ ಅವರು ಏನ ಮಾಡಬೇಕು? ಎದ್ದು ಇನ್ನೊಮ್ಮೆ ನುಡಸ್ತಾರೇನು? ನಿಮ್ಮ ಹೊಟ್ಟಿ ಹಗರ ಆಗಲಿ ಅಂತ ಅವರ ಎದಿ ಮ್ಯಾಲ ಕಲ್ಲ ಹೇರಬ್ಯಾಡ್ರಿ. ಮಷೀನ್ ಕೆಟ್ಟು ಹೋತು ಅನ್ರಿ. ಅಷ್ಟ ಅನ್ರಿ. ಉಳದದ್ದು ನೀವ ಇಟಗೋರಿ.”

ಅಂದಾನೆಪ್ಪ ಹೊರಗೆ ಬಂದು, ಮಾಸ್ತರರ ಮುಂದೆ ಮೊಣಕಾಲೂರಿ ಕುಳಿತು, ಮಷೀನು ಕೆಟ್ಟು ಎಲ್ಲ ಹೋಯಿತೆಂದು ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಮಾಸ್ತರರು ಎಡಗೈ ಚಾಚಿ ಅವನ ತಲೆ ಸವರಿದರು. ತೊದಲುತ್ತ, ಒಂದೊಂದೇ ಶಬ್ದ ಕೂಡಿಸುತ್ತ ಅವರು ಹೇಳಿದ್ದಿಷ್ಟು: “ಮಷೀನಿಂದೇನ ನಂಬಿಗೀಪಾ... ನನ್ನ ಕೈನ ನನ್ನ ಮಾತ ಕೇಳವಲ್ದು... ನೀ ಮನಸಿಗಿ ಹಚ್ಚಿಕೋಬ್ಯಾಡ.”

ಬೈಲಹೊಂಗಲದ ಬಸ್ಸಿನಲ್ಲಿ ಅಂದಾನೆಪ್ಪ ಆ ಸಮಾಧಾನದ ಮಾತನ್ನು ಹೊತ್ತುಕೊಂಡು ಬಂದ. ಬೈದಿದ್ದರೆ ಇಷ್ಟು ಭಾರವಾಗುತ್ತಿರಲಿಲ್ಲ ಅನಿಸಿತು.

ಅದಾದ ಮೇಲೆ ಅವನು ಹೂಲಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಔಷಧ ಒಯ್ಯುವುದು, ದವಾಖಾನೆಗೆ ಜೀಪು ಹೇಳುವುದು, ಸಂತೆಯಿಂದ ಮಾಸ್ತರರಿಗೆ ಇಷ್ಟವಾದ ಚಿಕ್ಕು ತರುವುದು, ಎಲ್ಲ ಮಾಡಿದ. ಗುರುಬಸವ್ವ ಚಾ ಕೊಡುತ್ತಿದ್ದಳು, ಮಾತು ಕಡಿಮೆ ಆಡುತ್ತಿದ್ದಳು. ಒಂದು ದಿನ ಹೋದಾಗ ಒಳಗಿನಿಂದ ಪೇಟಿಯ ದನಿ ಕೇಳಿ ಅವನು ಲಗುಬಗೆಯಿಂದ ಹೊಸ್ತಿಲು ದಾಟಿದ. ನೋಡಿದರೆ ಶೀತಲ ಪಟ್ಟಿಗಳ ಮೇಲೆ ಬೆರಳು ಆಡಿಸುತ್ತಿದ್ದಾಳೆ, ಮಾಸ್ತರರು ಪಕ್ಕದಲ್ಲಿ ಕುಳಿತು ಎಡಗೈಯಿಂದ ತಿದಿ ಒತ್ತುತ್ತಿದ್ದಾರೆ. ಮಗಳು ತಪ್ಪಿದಾಗ ತಿದಿ ನಿಲ್ಲಿಸಿಬಿಡುತ್ತಿದ್ದರು. ಗಾಳಿ ನಿಂತು ಪೇಟಿ ಮೂಕವಾಗುತ್ತಿತ್ತು. ಅವಳು ಅಲ್ಲಿಂದ ಮತ್ತೆ ಶುರು ಮಾಡಬೇಕು. ಬೈಗಳಿಲ್ಲದ ಆ ಪಾಠ ನೋಡಿ ಅಂದಾನೆಪ್ಪನಿಗೆ ನಗೆಯೂ ಬಂತು, ಸಂಕಟವೂ ಆಯಿತು.

“ಮಾಸ್ತರ, ಇದನ್ನ ತಗೀಲ್ರಿ?” ಎಂದು ಹೆದರುತ್ತಲೇ ಕೇಳಿದ. ಕ್ಯಾಮೆರಾ ಚೀಲದಲ್ಲಿತ್ತು. ಈಗ ಮೂರು ಕಾರ್ಡುಗಳಿದ್ದವು.

“ಬ್ಯಾಡ,” ಎಂದರು ಮಾಸ್ತರರು. “ನಾ... ಹಿಂಗ ಇದ್ದದ್ದು ಬ್ಯಾಡ. ಆಕಿ ಕಲೀಲಿ. ಆಕೀದು ತಗಿಯಂತಿ.”

ಅವನು ಚೀಲದ ಗುಂಡಿ ಹಾಕಿದ. ಮಾಸ್ತರರು ಮತ್ತೆಂದೂ ಕ್ಯಾಮೆರಾದ ಮುಂದೆ ಕೂಡಲಿಲ್ಲ. ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ತೀರಿಕೊಂಡರು.

ಈ ನಡುವೆ ಅಂದಾನೆಪ್ಪ ಮತ್ತೆ ಸಭೆಗಳಿಗೆ ಹೋಗತೊಡಗಿದ್ದ. ಈಗ ಹಿಂದಿನ ಸಾಲಿನಲ್ಲಿ ಕುಳಿತು, ವೇದಿಕೆಯ ಮೇಲಿದ್ದವರೆಲ್ಲ, ತಂಬೂರಿ ಹಿಡಿದ ಹುಡುಗಿಯೂ ಸೇರಿ, ಚೌಕಟ್ಟಿನಲ್ಲಿ ಬರುವಂತೆ ತೆಗೆಯುತ್ತಿದ್ದ. ಮುಖ ಸಣ್ಣದಾಗಿ ಬಂದಿದೆ ಎಂದು ಗಾಯಕರು ಗೊಣಗಿದರೆ, “ಎಲ್ಲಾರೂ ಹಾಡ್ಯಾರಲ್ರಿ,” ಎನ್ನುತ್ತಿದ್ದ. ಅಳಿಸುವ ಗುಂಡಿಯನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಕೈ ಅಲುಗಿ ಕೆಟ್ಟ ಚಿತ್ರ, ಬರೀ ಕತ್ತಲೆ ಬಂದ ಚಿತ್ರ, ಎಲ್ಲವೂ ಅವನ ಕಂಪ್ಯೂಟರಿನಲ್ಲಿ ತುಂಬಿಕೊಂಡು ಅದು ಆಮೆಯಂತೆ ನಡೆಯುತ್ತಿತ್ತು.

ಮಾಸ್ತರರ ವರ್ಷದ ನೆನಪಿಗೆ ಸವದತ್ತಿಯಲ್ಲಿ ಸಂಗೀತಪ್ರೇಮಿಗಳು ಸೇರಿ ಬೆಳಗಿನ ಸಭೆ ಇಟ್ಟರು. ಶೀತಲ ಪೇಟಿ ನುಡಿಸಿದಳು. ಅದಾದ ಮೇಲೆ ಸಂಚಾಲಕರು ಮೈಕಿನ ಮುಂದೆ ನಿಂತು, ನಮ್ಮ ಭಾಗದ ಸಂಗೀತವನ್ನು ಕಾಪಾಡಿದ ಅಂದಾನೆಪ್ಪನವರನ್ನು ಸತ್ಕರಿಸುತ್ತೇವೆ ಎಂದರು. ಅವನಿಗೆ ಮುಂಚೆ ಹೇಳಿರಲಿಲ್ಲ. ಚಪ್ಪಾಳೆ ಬಿತ್ತು. ಯಾರೋ ಕೈ ಹಿಡಿದು ವೇದಿಕೆಗೆ ಎಳೆದರು. ಶಾಲು ಹೊದಿಸುವಾಗ ಎದುರಿನ ಸಾಲಿನಲ್ಲಿ ಗುರುಬಸವ್ವ ಕಂಡಳು. ಅವಳು ಚಪ್ಪಾಳೆ ಹೊಡೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನಾಲ್ಕು ಮಾತಾಡಿರಿ ಎಂದು ಮೈಕು ಕೊಟ್ಟರು. “ಮಾಸ್ತರರದು ನನ್ನ ಹತ್ರ ಇಲ್ಲ,” ಎಂದ ಅಂದಾನೆಪ್ಪ. “ಎಲ್ಲಾರದೂ ಐತಿ. ಅವರದು ಇಲ್ಲ.” ಜನ ಅದನ್ನು ವಿನಯ ಎಂದು ತಿಳಿದು ಇನ್ನಷ್ಟು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಅವನು ಗುರುಬಸವ್ವನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದ. ಶೀತಲ ಅತಿಥಿಗಳ ಊಟಕ್ಕೆಂದು ಹಿಂದೆ ಉಳಿದಿದ್ದಳು. ಹೂಲಿಯ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಕಲ್ಲಿನ ಬಾಕಿನ ಮೇಲೆ ಕುಳಿತರು. ಅವನು ಶಾಲನ್ನು ಮಡಚಿ ಚೀಲದ ತಳಕ್ಕೆ ತುರುಕಿದ್ದ.

ಗುರುಬಸವ್ವ ತಾನಾಗಿಯೇ ಮಾತು ತೆಗೆದಳು. “ಅವತ್ತ ಗುಡಿ ಕಟ್ಟಿ ಮ್ಯಾಲ ನುಡಿಸಿದ್ದು, ಕೇಳಿದವರು ಮೂರ ಮಂದಿ. ಆ ಆಡ ಕಾಯಾಕಿ ಯಾರೋ ಏನೋ. ಉಳದವರು ನೀವು, ನಾನು.”

“ಹೌದ್ರಿ ಅಕ್ಕಾರ.”

“ಕಡೀಕ ಮೆತ್ತಗ ಇಳಿಸಿಕೋತ, ಇಳಿಸಿಕೋತ ಬಂದು, ಒಂದ ಸ್ವರದ ಮ್ಯಾಲ ಬೆರಳ ಇಟ್ಟು ಹಂಗ ಕುಂತ್ರು. ತಿದಿ ಗಾಳಿ ತೀರೂತನಕ.”

ಅಂದಾನೆಪ್ಪನಿಗೆ ಹಾಗೆ ನೆನಪಿರಲಿಲ್ಲ. “ಇಲ್ರಿ, ಕಡೀಕ ಒಂದು ಜೋರ ತಾನ ತಗೊಂಡು, ಸಮಕ್ಕ ಬಂದು ಪಟ್ಟಂತ ಕೈ ಎತ್ತಿದ್ರು. ನಂಗ ಚಲೋ ನೆನಪೈತಿ.”

“ಅಲ್ಲ.”

“ಖರೇನ ರೀ, ನಾ ನೋಡಾಕ ಹತ್ತಿದ್ದೆ.”

ಗುರುಬಸವ್ವ ಅವನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಆ ಡಬ್ಬಿ ನೋಡಾಕ ಹತ್ತಿದ್ರಿ. ನಾ ಅವರನ್ನ ನೋಡಾಕ ಹತ್ತಿದ್ದೆ.”

ಅಂದಾನೆಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ಕೆಂಪು ಚುಕ್ಕೆ ನೆನಪಿತ್ತು, ಸೆಲ್ಲಿನ ಗುರುತು ಮಿಣಮಿಣ ಎಂದದ್ದು ನೆನಪಿತ್ತು. ಬೆರಳು ಕೊನೆಗೆ ಎಲ್ಲಿ ನಿಂತವು ಎಂಬುದು ಗೊತ್ತಾಗಲಿಲ್ಲ. ತಾನು ಹೇಳಿದ ಜೋರಿನ ತಾನ ಬೇರೆ ಯಾವ ಸಭೆಯದೋ, ಬೇರೆ ಯಾರದೋ.

“ನಿಮ್ಮದ ಖರೆ ಇರಬೇಕ್ರಿ ಅಕ್ಕಾರ,” ಎಂದ. “ಗಾಳಿ ತೀರೂತನಕ ಕುಂತ್ರು ಅಂದ್ರಲಾ, ಆಮ್ಯಾಲೆ?” ಎಂದು ಕೇಳಿದ.

“ಆಮ್ಯಾಲೆ ನನ್ನ ಕಡೆ ನೋಡಿದ್ರು,” ಎಂದಳು ಅವಳು.

ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಅಂದಾನೆಪ್ಪ ಜನರ ನಡುವೆ ನುಗ್ಗಿ, ಕಿಟಕಿಯ ಪಕ್ಕದ ಸೀಟಿಗೆ ವಸ್ತ್ರ ಹಾಕಿ ಜಾಗ ಹಿಡಿದು, ಅವಳ ಚೀಲ ಮೇಲೆ ಕೊಟ್ಟ. ಗುರುಬಸವ್ವ ಕುಳಿತು ಸೆರಗು ಸರಿಮಾಡಿಕೊಂಡಳು.

“ಹಬ್ಬಕ್ಕ ತಂಗೆವ್ವನ ಕರಕೊಂಡ ಬರ್ರಿ,” ಎಂದಳು ಕಿಟಕಿಯಿಂದ.

“ಬರತೇವ್ರಿ,” ಎಂದ ಅಂದಾನೆಪ್ಪ. ಬಸ್ಸು ಪೊಲೀಸ್ ಠಾಣೆಯ ತಿರುವು ದಾಟಿ ಮರೆಯಾಗುವವರೆಗೆ ನಿಂತಿದ್ದು, ಬೈಲಹೊಂಗಲದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲು ಕಂಟ್ರೋಲರನ ಕಿಟಕಿಗೆ ನಡೆದ.